4×5 ಸ್ಲೈಡಲ್ಲಿ ತೋಟದ ಜೋಡಿ ಚಿತ್ರ ತೆಗ್ದೆ, ಎರಡೂ ಕಣ್ಣಿಗೆ ಒಂದಾಗಿ ಸೇರ್ತಾ ಇಲ್ಲ

ತೋಟದಂಚು (ಶಿರಸಿ)

ನಮಸ್ಕಾರ ಎಲ್ರಿಗೂ. ನಂದು ಶಿರಸಿ ಹತ್ರ ಹಳ್ಳಿ, ಅಡಿಕೆ ತೋಟ. ನಾಲ್ಕು ವರ್ಷದಿಂದ 4×5 ಫೀಲ್ಡ್ ಕ್ಯಾಮೆರಾದಲ್ಲಿ (4×5 ಇಂಚಿನ ಬಿಡಿ ಫಿಲ್ಮ್ ಶೀಟ್ ಹಾಕೋ ದೊಡ್ಡ ಕ್ಯಾಮೆರಾ) ಕಪ್ಪು-ಬಿಳುಪು ತೆಗೀತಾ ಬಂದಿದೀನಿ, ಕಲರ್ ಸ್ಲೈಡ್ ಫಿಲ್ಮ್ (ಬೆಳಕಿಗೆ ಹಿಡಿದ್ರೆ ಬಣ್ಣದ ಚಿತ್ರನೇ ಕಾಣೋ ಫಿಲ್ಮ್) ಹಾಕಿದ್ದು ಇದೇ ಮೊದಲು. ಯಾಕೆ ಅಂದ್ರೆ ನಮ್ಮ ಅಪ್ಪಯ್ಯಂಗೆ ಮಂಡಿ ಪೂರ್ತಿ ಹೋಗಿದೆ, ಮನೆಯಿಂದ ತೋಟಕ್ಕೆ ಇಳಿಯೋ ಮೆಟ್ಟಿಲು ಅರವತ್ತಕ್ಕೂ ಜಾಸ್ತಿ, ಅವ್ರು ತೋಟಕ್ಕೆ ಕಾಲಿಡದೆ ಎರಡು ಮಳೆಗಾಲ ಆಯ್ತು. ಮೊಬೈಲಲ್ಲಿ ಫೋಟೋ ತೋರ್ಸಿದೆ, ವಿಡಿಯೋ ತೋರ್ಸಿದೆ, ಹ್ಞೂಂ ಅಂತಾರೆ, ಪಕ್ಕಕ್ಕೆ ಇಡ್ತಾರೆ. ಹಿಂದೊಮ್ಮೆ ನೆಂಟರ ಮನೇಲಿ ಹಳೇ ಮರದ ಸ್ಟೀರಿಯೋಸ್ಕೋಪಲ್ಲಿ (ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿ ಆಳ ಕಾಣಿಸೋ ಪೆಟ್ಟಿಗೆ) ಗಾಜಿನ ಸ್ಲೈಡ್ ನೋಡಿದ್ದೆ, ಯಾವ್ದೋ ಊರಿನ ಬೀದಿ, ಆದ್ರೆ ಆ ಬೀದಿ ಒಳಗೆ ನಾನೇ ನಿಂತ ಹಾಗಿತ್ತು, ಅದು ತಲೇಲಿ ಉಳಿದುಬಿಟ್ಟಿದೆ. ತೋಟನ ಹಾಗೆ ಅಪ್ಪಯ್ಯಂಗೆ ತೋರಿಸ್ಬೇಕು ಅಂತ ಆಸೆ.

ಮಾಡಿದ್ದು ಇಷ್ಟು. 150 ಎಂಎಂ ಲೆನ್ಸು, ಟ್ರೈಪಾಡ್ ತೋಟದ ನಡುವಿನ ದಾರೀಲಿ ಇಟ್ಟೆ, ಎಲ್ಲಕ್ಕಿಂತ ಹತ್ತಿರದ ಮರ ಸುಮಾರು ಒಂದೂವರೆ ಮೀಟರ್ ದೂರ, ಹಿಂದೆ ಸಾಲುಸಾಲು ಮರ, ಕೊನೇಲಿ ದಿಣ್ಣೆ, ಅದೊಂದು 15 ಮೀಟರ್ ಇರ್ಬಹುದು. ಒಂದು ಶೀಟ್ ತೆಗ್ದು ಟ್ರೈಪಾಡನ್ನ ಒಂದಡಿ ಬಲಕ್ಕೆ ಸರಿಸಿ, ಅದೇ ಮರ ನಡುವೆ ಬರೋ ಹಾಗೆ ಕ್ಯಾಮೆರಾ ಸ್ವಲ್ಪ ತಿರುಗಿಸಿ ಇನ್ನೊಂದು ಶೀಟ್ ತೆಗ್ದೆ. ದೊಡ್ಡ ಊರಿನ ಲ್ಯಾಬಿಗೆ ಕಳ್ಸಿ ಮೂರು ವಾರ ಕಾದೆ. ಬಂದ ಸ್ಲೈಡ್ ಒಂದೊಂದೇ ನೋಡಿದ್ರೆ ಉಸಿರು ನಿಲ್ತದೆ ನೋಡಿ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಅದರ ಎಲೆ ತುದೀಲಿ ನೀರ ಹನಿ, ಹನಿ ಒಳಗೆ ತಲೆಕೆಳಗಾದ ಆಕಾಶ, ಲೂಪ್ (ಸಣ್ಣ ಭೂತಗನ್ನಡಿ) ಇಟ್ರೆ ಅಷ್ಟೂ ಕಾಣ್ತದೆ. ಆದ್ರೆ ಎರಡನ್ನೂ ಲೈಟ್ ಪ್ಯಾಡ್ ಮೇಲೆ ಅಕ್ಕಪಕ್ಕ ಇಟ್ಟು ಎರಡು ಭೂತಗನ್ನಡಿ ಹಿಡಿದು ನೋಡಿದ್ರೆ ಸೇರ್ತಾನೇ ಇಲ್ಲ, ಎರಡೆರಡು ಮರ ಕಾಣ್ತದೆ, ಹತ್ತು ನಿಮಿಷಕ್ಕೆ ಹಣೆ ಹಿಂದೆ ನೋವು ಶುರು. ತಪ್ಪಾಗಿದ್ದು ತೆಗೆಯೋದ್ರಲ್ಲೋ ನೋಡೋದ್ರಲ್ಲೋ? ಇಷ್ಟು ದೊಡ್ಡ ಸ್ಲೈಡ್ ಜೋಡಿ ನೋಡೋಕೆ ಏನಾದ್ರೂ ಸಾಧನ ಇದ್ಯಾ, ಇಲ್ಲ ನಾವೇ ಮಾಡ್ಕೋಬೇಕಾ? ಗೊತ್ತಿದ್ದೋರು ದಯವಿಟ್ಟು ಹೇಳಿ, ಇನ್ನು ಎಂಟೇ ಶೀಟ್ ಉಳ್ಕೊಂಡಿರೋದು.


ಕಾಳಿಸಂಗಮ (ಕಾರವಾರ)

ತೋಟದಂಚು ಅವ್ರೇ, ಎರಡೂ ಕಡೆ ತಪ್ಪಾಗಿದೆ, ಆದ್ರೆ ಎರಡೂ ಸರಿಮಾಡೋ ಅಂಥದ್ದೇ. ಸ್ವಲ್ಪ ಉದ್ದ ಬರೀತೀನಿ, ನಂಗೆ ಇದು ಕಲಿಯೋಕೆ ಒಂದು ವರ್ಷ ಹಿಡೀತು.

ಮೊದ್ಲು ನೋಡೋದು. ನಮ್ಮ ಎರಡು ಕಣ್ಣಿನ ಪಾಪೆ ನಡುವೆ 62ರಿಂದ 65 ಮಿಲಿಮೀಟರ್ ಅಂತರ ಇರ್ತದೆ. 4×5 ಶೀಟಿನ ಚಿತ್ರ ಅಡ್ಡಕ್ಕೆ ಸುಮಾರು 120 ಮಿಮೀ. ಅಕ್ಕಪಕ್ಕ ಇಟ್ರೆ ಒಂದರ ನಡುವಿಂದ ಇನ್ನೊಂದರ ನಡುವಿಗೆ 120 ಮಿಮೀ ದೂರ ಆಯ್ತಲ್ಲ, ಅದನ್ನ ನೋಡೋಕೆ ಎಡಗಣ್ಣು ಎಡಕ್ಕೆ, ಬಲಗಣ್ಣು ಬಲಕ್ಕೆ ಹೊರಮುಖವಾಗಿ ತಿರುಗ್ಬೇಕು. ಮನುಷ್ಯರ ಕಣ್ಣು ಒಳಕ್ಕೆ ತಿರುಗ್ತದೆ, ನೇರ ನಿಲ್ತದೆ, ಹೊರಕ್ಕೆ ಅಷ್ಟು ಹೋಗಲ್ಲ. ನಿಮ್ಮ ಹಣೆ ನೋವಿಗೆ ಅರ್ಧ ಕಾರಣ ಇದು. ಶೀಟನ್ನ ಉದ್ದಕ್ಕೆ ನಿಲ್ಲಿಸಿದ್ರೂ ಅಗಲ 95 ಮಿಮೀ, ಆಗ್ಲೂ ಜಾಸ್ತಿನೇ. 120 ಅನ್ನೋ ಹೆಸರಿನ ರೋಲ್ ಫಿಲ್ಮಿನ 6×6 ಸೆಂಟಿಮೀಟರ್ ಚಿತ್ರ ನಿಜವಾಗಿ 56 ಮಿಮೀ ಇರೋದ್ರಿಂದ ಎರಡು ಲೆನ್ಸಿನ ಸಾದಾ ವ್ಯೂವರಲ್ಲಿ ಸಲೀಸಾಗಿ ಕೂರ್ತದೆ. 4×5ಗೆ ಕನ್ನಡಿ ಬೇಕೇ ಬೇಕು. ಈ ಕನ್ನಡಿ ಪದ್ಧತಿ ಎಲ್ಲಕ್ಕಿಂತ ಹಳೇದು, ಚಾರ್ಲ್ಸ್ ವೀಟ್‌ಸ್ಟೋನ್ ಅನ್ನೋ ವಿಜ್ಞಾನಿ 1838ರಲ್ಲಿ ತೋರಿಸಿದ್ದು, ಆಗಿನ್ನೂ ಫೋಟೋ ಅನ್ನೋದೇ ಜನರ ಕೈಗೆ ಬಂದಿರ್ಲಿಲ್ಲ, ಗೆರೆಚಿತ್ರ ಇಟ್ಟೇ ತೋರಿಸಿದ್ರು. ಲೆನ್ಸಿನ ಪುಟ್ಟ ಪೆಟ್ಟಿಗೆ ಡೇವಿಡ್ ಬ್ರೂಸ್ಟರ್ ಅನ್ನೋ ಇನ್ನೊಬ್ಬ ವಿಜ್ಞಾನಿ ತಂದಿದ್ದು ಆಮೇಲೆ, 1849ರಲ್ಲಿ. ಚಿತ್ರ ಚಿಕ್ಕದಾಯ್ತು, ಪೆಟ್ಟಿಗೆ ಕೈಗೆ ಬಂತು, ಕನ್ನಡಿ ಮೂಲೆಗೆ ಹೋಯ್ತು. ನಮ್ಮಂಥ ದೊಡ್ಡ ಶೀಟಿನವರಿಗೆ ಮಾತ್ರ ಅದೇ ಹಳೇ ದಾರಿ.

ಇನ್ನು ತೆಗೆಯೋದು. ಒಂದಡಿ ಸರಿಸಿದ್ದು ವಿಪರೀತ ಆಯ್ತು. ಲೆಕ್ಕ ಹಾಕಿ ನೋಡಿ, ಲೆನ್ಸ್ 150, ಸರಿಸಿದ್ದು 300 ಮಿಮೀ, ಹತ್ತಿರದ ಮರ 1500 ಮಿಮೀ. 150 ಗುಣಿಸು 300, ಭಾಗಿಸು 1500 ಅಂದ್ರೆ 30 ಮಿಮೀ, ಆ ಮರ ಎರಡು ಫಿಲ್ಮಿನ ನಡುವೆ ಅಷ್ಟು ಸರಿದಿರ್ತದೆ. ದೂರದ ದಿಣ್ಣೆಗೆ ಅದೇ ಲೆಕ್ಕ ಹಾಕಿದ್ರೆ 3. ಅಂದ್ರೆ ಎಡ ಬಲ ಫಿಲ್ಮಲ್ಲಿ ಮರಕ್ಕೂ ದಿಣ್ಣೆಗೂ ನಡುವಿನ ವ್ಯತ್ಯಾಸ 27 ಮಿಮೀ. ಆರಾಮಾಗಿ ಸೇರ್ಬೇಕು ಅಂದ್ರೆ ಅದು ಲೆನ್ಸಿನ ಫೋಕಲ್ ಲೆಂತಿನ ಮೂವತ್ತನೇ ಒಂದು ಭಾಗ ಮೀರಬಾರ್ದು, ನಿಮ್ಮ 150ಕ್ಕೆ 5 ಮಿಮೀ. ಐದು ಪಟ್ಟು ಮೀರಿದೀರಿ. ಸುಲಭ ಲೆಕ್ಕ ಏನಪ್ಪ ಅಂದ್ರೆ ಹತ್ತಿರದ ವಸ್ತು ಎಷ್ಟು ದೂರ ಇದ್ಯೋ ಅದರ ಮೂವತ್ತನೇ ಒಂದು ಭಾಗ ಸರಿಸೋದು. ಎರಡು ಮೀಟರಿಗೆ 65 ಮಿಮೀ, ಹೆಚ್ಚುಕಡಿಮೆ ನಮ್ಮ ಕಣ್ಣಿನ ಅಂತರನೇ ಬಂತು ನೋಡಿ. ಹಿನ್ನೆಲೆ ಅನಂತಕ್ಕೆ ಹೋಗದೆ 15 ಮೀಟರಿಗೇ ನಿಂತ್ರೆ 75 ತನಕ ಹೋಗ್ಬಹುದು. ಹತ್ತಿರದ ಮರ ಎರಡು ಮೀಟರಿಗಿಂತ ಈಚೆ ಬರೋದು ಬೇಡ.

ಇನ್ನೊಂದು, ಕ್ಯಾಮೆರಾ ತಿರುಗಿಸಿದ್ದು. ಅದು ದೊಡ್ಡ ತಪ್ಪು, ಎಲ್ರೂ ಮೊದ್ಲು ಮಾಡೋ ತಪ್ಪೂ ಹೌದು. ತಿರುಗಿಸಿದ್ರೆ ಎಡ ಚಿತ್ರದಲ್ಲಿ ಒಂದು ಅಂಚಿನ ಮರ ಉದ್ದ ಆಗ್ತದೆ, ಬಲ ಚಿತ್ರದಲ್ಲಿ ಅದೇ ಮರ ಗಿಡ್ಡ ಆಗ್ತದೆ, ಆಗ ಮೂಲೆಗಳಲ್ಲಿ ಒಂದು ಕಣ್ಣು ಮೇಲೆ ಒಂದು ಕಣ್ಣು ಕೆಳಗೆ ನೋಡ್ಬೇಕು. ಕಣ್ಣು ಅಡ್ಡಕ್ಕೆ ಎಷ್ಟೋ ಹೊಂದ್ಕೊಳ್ತದೆ, ಮೇಲೆ-ಕೆಳಗೆ ಒಂದು ಮಿಮೀ ಹೆಚ್ಚುಕಡಿಮೆ ಆದ್ರೂ ಒದ್ದಾಡ್ತದೆ. ಅದ್ಕೆ ಕ್ಯಾಮೆರಾ ನೇರ, ಸಮಾನಾಂತರವಾಗಿ ಸರೀಬೇಕು, ತಿರುಗೋದು ಬೇಡ. ಟ್ರೈಪಾಡ್ ಎತ್ತಿ ಇಟ್ರೆ ಅದು ಆಗೋ ಮಾತಲ್ಲ. ನಾನು ಸ್ಲೈಡಿಂಗ್ ಕಿಟಕಿಗೆ ಹಾಕೋ ಅಲ್ಯೂಮಿನಿಯಂ ಟ್ರ್ಯಾಕ್ ಇರ್ತದಲ್ಲ, ಅದರ ಒಂದಡಿ ತುಂಡು ತಗೊಂಡು ಟ್ರೈಪಾಡ್ ತಲೆ ಮೇಲೆ ಬೋಲ್ಟ್ ಹಾಕಿ ಕೂರಿಸಿದೀನಿ, ಕ್ಯಾಮೆರಾ ಅಡಿಗೆ ಒಂದು ತೇಗದ ಪಟ್ಟಿ, ಅದು ಟ್ರ್ಯಾಕ್ ಒಳಗೆ ಜಾರ್ತದೆ. ಸ್ಕೇಲಿನ ತುಂಡು ಅಂಟಿಸಿದೀನಿ, ಎರಡು ಕಡೆ ರಸಮಟ್ಟ. ಅಷ್ಟು ಸಾಕು.

ಫಿಲ್ಮ್ ಖರ್ಚು ಮಾಡೋ ಮೊದ್ಲು ಅದೇ ಟ್ರ್ಯಾಕ್ ಮೇಲೆ ಮೊಬೈಲ್ ಇಟ್ಟು ಎರಡು ಫೋಟೋ ತೆಗ್ದು, ಅಕ್ಕಪಕ್ಕ ಜೋಡಿಸಿ, ಒಂದೊಂದು 60 ಮಿಮೀ ಅಗಲಕ್ಕೆ ಇಳಿಸಿ ರಟ್ಟಿನ ವಿಆರ್ ಡಬ್ಬೀಲಿ (ಮೊಬೈಲ್ ಒಳಗಿಟ್ಟು ಎರಡು ಲೆನ್ಸಲ್ಲಿ ನೋಡೋ ಡಬ್ಬಿ) ನೋಡಿ. ಅಲ್ಲಿ ಸೇರಿದ್ರೆ ಫಿಲ್ಮಲ್ಲೂ ಸೇರ್ತದೆ.


ಹೊಳೆದಂಡೆ (ಯಲ್ಲಾಪುರ)

ಒಂದು ಪ್ರಶ್ನೆ, ನಾನು ಈ ವಿಷಯಕ್ಕೆ ಹೊಸಬ. ಒಂದೇ ಕ್ಯಾಮೆರಾ ಸರಿಸಿ ಎರಡು ಸಲ ತೆಗೆಯೋದಾದ್ರೆ ನಡುವೆ ಗಾಳಿ ಬಂದ್ರೆ ಏನ್ ಗತಿ? ಅಡಿಕೆ ಮರದ ಚಂಡೆ (ತುದಿಯ ಸೋಗೆ ಗೊಂಚಲು) ಯಾವಾಗ್ಲೂ ಅಲ್ಲಾಡ್ತಾನೇ ಇರ್ತದಲ್ಲ. ಎರಡು ಲೆನ್ಸಿನ ಹಳೇ ರಷ್ಯನ್ ಕ್ಯಾಮೆರಾ ಸ್ಪುಟ್ನಿಕ್ ಅಂತ ಇದೆ ಅಂತಾರೆ, ಅದನ್ನೇ ತಗೊಂಡ್ರೆ ಇಷ್ಟೆಲ್ಲ ತಾಪತ್ರಯ ಯಾಕೆ ಬೇಕು?


ಕಾಳಿಸಂಗಮ (ಕಾರವಾರ)

ಒಳ್ಳೇ ಪ್ರಶ್ನೆ. ಸ್ಪುಟ್ನಿಕ್ ನನ್ನ ಹತ್ರ ಇದೆ. 1955ರಿಂದ ಲೆನಿನ್‌ಗ್ರಾಡಲ್ಲಿ ಮಾಡಿದ್ದು, 120 ಫಿಲ್ಮಲ್ಲಿ 6×6ರ ಆರು ಜೋಡಿ, 75 ಎಂಎಂ ಲೆನ್ಸು. ಒಳಗೆ ಬೇಕಲೈಟ್ ಪ್ಲಾಸ್ಟಿಕ್ ಮಿರಮಿರ ಮಿಂಚ್ತದೆ, ಬಿಸಿಲಲ್ಲಿ ಬೆಳಕು ಒಳಗೇ ಪ್ರತಿಫಲಿಸಿ ನೆರಳೆಲ್ಲ ಬೂದಿ ಬೂದಿ ಆಗ್ತದೆ, ಒಳಗೆ ಕಪ್ಪು ಬಟ್ಟೆ ಅಂಟಿಸಿದ ಮೇಲೆ ಸರಿಹೋಯ್ತು. ಸಮುದ್ರಕ್ಕೆ ಅದೇ ಬೇಕು, ಒಂದೇ ಕ್ಷಣಕ್ಕೆ ಎರಡೂ ಕಣ್ಣು ತೆರೀತದೆ. ನಾನು ಮೊದ್ಲ ಸಲ ಟ್ಯಾಗೋರ್ ಬೀಚಲ್ಲಿ 4×5 ಸರಿಸಿ ಅಲೆ ತೆಗ್ದಿದ್ದೆ, ಎಡಗಣ್ಣಲ್ಲಿ ನೊರೆ ದಡಕ್ಕೆ ಬಂದಿದೆ, ಬಲಗಣ್ಣಲ್ಲಿ ಬಂದಿಲ್ಲ, ನೋಡಿದ್ರೆ ಆ ಜಾಗ ಪಟಪಟ ಮಿಣುಕ್ತದೆ, ಕಣ್ಣಿಗೆ ಯಾವ್ದನ್ನ ನಂಬಬೇಕು ಅಂತ ಗೊತ್ತಾಗಲ್ಲ. ಆಮೇಲೆ ಸೂರ್ಯ ಮುಳುಗಿದ ಮೇಲೆ 30 ಸೆಕೆಂಡ್ ಕೊಟ್ಟು ತೆಗ್ದೆ, ಅಲೆ ಎಲ್ಲ ಹಾಲಿನ ಮಂಜಾಗಿ ಎರಡೂ ಚಿತ್ರದಲ್ಲಿ ಒಂದೇ ಥರ ಬಂತು, ಬಂಡೆ ಮಾತ್ರ ಗಟ್ಟಿಯಾಗಿ ಎದ್ದು ನಿಂತಿದೆ, ಚೆನ್ನಾಗಿದೆ. ಅದೇ ದಂಡೆ ಮೇಲೆ ಮ್ಯೂಸಿಯಂ ಆಗಿ ನಿಂತಿರೋ ಐಎನ್‌ಎಸ್ ಚಪಲ್ ಯುದ್ಧನೌಕೆ ಇದ್ಯಲ್ಲ, ಅದು ಅಲ್ಲಾಡಲ್ಲ, ಅಂಥದ್ದಕ್ಕೆ ಸರಿಸೋ ಪದ್ಧತಿ ಹೇಳಿ ಮಾಡಿಸಿದ ಹಾಗೆ.

ಆದ್ರೆ 6×6ಗೂ 4×5ಗೂ ನೋಡೋದ್ರಲ್ಲಿ ವ್ಯತ್ಯಾಸ ಇದೆ ಸ್ವಾಮಿ. ಎರಡೂ ಚಂದ, ಆದ್ರೆ 4×5 ಜೋಡೀಲಿ ಬರೀ ಮರ ಕಾಣಲ್ಲ, ಮರದ ಮೈ ಮೇಲಿನ ಬಿಳಿ ಕಲೆ, ಪಾಚಿ, ಇರುವೆ ಸಾಲು ತನಕ ಒಂದೊಂದೂ ಅದರದ್ದೇ ಆಳದಲ್ಲಿ ಕೂತಿರ್ತದೆ. ತೋಟದಂಚು ಅವ್ರಿಗೆ ಬೇಕಾಗಿರೋದು ಅದೇ ಅನ್ಸ್ತದೆ ನಂಗೆ. ತೋಟದ ಒಳಗೆ, ಬೆಳಿಗ್ಗೆ ಏಳು ಗಂಟೆ ಒಳಗೆ, ಬುಡದ ಕಡೆ ನೋಡಿ ತೆಗೆದ್ರೆ ಗಾಳಿ ತೊಂದ್ರೆ ಕಡಿಮೆ. ಚಂಡೆ ಫ್ರೇಮಿಗೆ ಬರೋದೇ ಬೇಡ.

ಒಂದು ಎಚ್ಚರ, ಬಿಸಿಲು ಬೇಡ. ತೋಟದ ನೆಲದ ಮೇಲೆ ಬೀಳೋ ಬಿಸಿಲ ಚುಕ್ಕೆ ನಿಮಿಷದೊಳಗೆ ಜಾಗ ಬದಲಿಸ್ತದೆ, ಎರಡನೇ ಶೀಟಲ್ಲಿ ಬೇರೆ ಕಡೆ ಇರ್ತದೆ. ಸ್ಲೈಡ್ ಫಿಲ್ಮಿಗೆ ಅಷ್ಟು ಬೆಳಕು-ನೆರಳು ತಡ್ಕೊಳ್ಳೋ ಶಕ್ತಿನೂ ಇಲ್ಲ, ಐದು ಸ್ಟಾಪ್ (ಒಂದೊಂದು ಸ್ಟಾಪಿಗೆ ಬೆಳಕು ಇಮ್ಮಡಿ) ಅಂದ್ರೆ ಮುಗೀತು. ಮೋಡ ಕವಿದ ದಿನ, ಮಳೆ ಬಿಟ್ಟು ಒಂದು ಗಂಟೆ ಆದ್ಮೇಲೆ, ಅದಕ್ಕಿಂತ ಒಳ್ಳೇ ಬೆಳಕು ಇಲ್ಲ.


ಅಘನಾಶಿನಿ (ಕುಮಟಾ)

ಕಾಳಿಸಂಗಮ ಅವ್ರು ತೆಗೆಯೋದು ಹೇಳಿದ್ರು, ನಾನು ನೋಡೋ ಪೆಟ್ಟಿಗೆ ಬಗ್ಗೆ ಹೇಳ್ತೀನಿ, ಎರಡು ಮಾಡಿದೀನಿ, ಎರಡನೇದು ಸರಿ ಬಂತು.

ಎಲ್ಲಕ್ಕಿಂತ ಮುಖ್ಯ ಮಾತು, ತೆಗೆದ ಲೆನ್ಸಿನ ಫೋಕಲ್ ಲೆಂತ್ ಎಷ್ಟೋ ನೋಡೋ ಲೆನ್ಸಿಂದೂ ಅಷ್ಟೇ ಇರ್ಬೇಕು. 150ರಲ್ಲಿ ತೆಗ್ದು 150ರಲ್ಲಿ ನೋಡಿದ್ರೆ ಎರಡು ಮೀಟರ್ ದೂರದ ಮರ ಎರಡೇ ಮೀಟರ್ ದೂರದಲ್ಲಿ, ಅದರದ್ದೇ ದಪ್ಪದಲ್ಲಿ ಕಾಣ್ತದೆ. 210ರಲ್ಲಿ ತೆಗ್ದು 150ರಲ್ಲಿ ನೋಡಿದ್ರೆ ಬೈನಾಕ್ಯುಲರಲ್ಲಿ ನೋಡಿದ ಹಾಗೆ ಹತ್ತಿರ ಬರ್ತದೆ ಆದ್ರೆ ಮರ ಎಲ್ಲ ರಟ್ಟು ಕತ್ತರಿಸಿ ನಿಲ್ಲಿಸಿದ ಹಾಗೆ ಚಪ್ಪಟೆ. ಉಲ್ಟಾ ಮಾಡಿದ್ರೆ ಆಳ ಎಳೆದ ಹಾಗಾಗ್ತದೆ. ಅಪ್ಪಯ್ಯಂಗೆ ತೋಟ ತೋಟದ ಹಾಗೇ ಕಾಣ್ಬೇಕು ಅಂದ್ರೆ ಇದೊಂದು ಬಿಡ್ಬೇಡಿ.

150 ಎಂಎಂ ಲೆನ್ಸ್ ಎಲ್ಲಿ ಸಿಗ್ತದೆ ಅಂದ್ರೆ ಕನ್ನಡಕದ ಅಂಗಡೀಲಿ. ಸಾವಿರನ ಪವರಿಂದ ಭಾಗಿಸಿದ್ರೆ ಫೋಕಲ್ ಲೆಂತ್ ಬರ್ತದೆ, +6.50 ಅಂದ್ರೆ 154 ಮಿಮೀ, +6.75 ಅಂದ್ರೆ 148. ಫ್ರೇಮಿಗೆ ಕತ್ತರಿಸದೇ ಇರೋ ದುಂಡನೆ ಗಾಜು ಎರಡು ಕೇಳಿ, ಅಂಗಡಿಯವರು ಯಾಕೆ ಅಂತ ಕೇಳ್ತಾರೆ, ವಿವರಿಸಿದ್ರೆ ಖುಷಿಯಿಂದ ತರಿಸಿ ಕೊಡ್ತಾರೆ. ಅಂಚಲ್ಲಿ ಸ್ವಲ್ಪ ನೀಲಿ-ಕೆಂಪು ಬಣ್ಣದ ಗೆರೆ ಕಾಣ್ತದೆ. ಅದು ಬೇಡ ಅಂದ್ರೆ ಎರಡು ಗಾಜು ಸೇರಿಸಿದ ಆಕ್ರೋಮ್ಯಾಟ್ ಬೇಕು, ಬೆಲೆ ಜಾಸ್ತಿ. ನಾನು ಮೊದ್ಲು ಕನ್ನಡಕದ ಗಾಜಲ್ಲೇ ಮಾಡಿದ್ದು, ಈಗ್ಲೂ ಮನೆಗೆ ಬಂದೋರಿಗೆ ಅದನ್ನೇ ಕೊಡ್ತೀನಿ, ಯಾರೂ ಅಂಚು ನೋಡಲ್ಲ.

ಪೆಟ್ಟಿಗೆ ಹೀಗೆ. ಮೂಗಿನ ಎದುರು ಎರಡು ಕನ್ನಡಿ, 45 ಡಿಗ್ರೀಲಿ, ನಿಮ್ಮ ಮುಖದ ಕಡೆ ಚೂಪು ಬರೋ ಹಾಗೆ. ಎಡಗಣ್ಣಿಂದ ನೋಡಿದ್ರೆ ಎಡಗಡೆ ಗೋಡೆ ಕಾಣ್ಬೇಕು, ಬಲಗಣ್ಣಿಗೆ ಬಲಗಡೆ ಗೋಡೆ. ಆ ಎರಡು ಗೋಡೆ ಮೇಲೆ ಫಿಲ್ಮ್ ಎದುರು-ಬದುರು, ಅವುಗಳ ಹಿಂದೆ ಬೆಳಕು. ಲೆನ್ಸು ಕಣ್ಣಿಗೆ ಹತ್ತಿರ. ಲೆನ್ಸಿಂದ ಕನ್ನಡಿ ನಡುವಿಗೆ ಸುಮಾರು 47 ಮಿಮೀ, ಕನ್ನಡಿಯಿಂದ ಫಿಲ್ಮಿಗೆ 103, ಎರಡೂ ಸೇರಿ 150 ಆಗ್ಬೇಕು. ಕನ್ನಡಿ 10 ಸೆಂಟಿಮೀಟರ್ ಉದ್ದ, 8 ಎತ್ತರ ಇದ್ರೆ ಇಡೀ 4×5 ಕಾಣ್ತದೆ. ಮನೆ ಕನ್ನಡಿ ಹಾಕ್ಬೇಡಿ, ಅದರ ಲೇಪ ಗಾಜಿನ ಹಿಂದೆ ಇರೋದ್ರಿಂದ ಗಾಜಿನ ಮೇಲ್ಮೈಯಿಂದ ಇನ್ನೊಂದು ಮಸುಕು ನೆರಳು ಬರ್ತದೆ, ನನ್ನ ಮೊದಲ ಪೆಟ್ಟಿಗೆ ಕೆಟ್ಟಿದ್ದೇ ಅದ್ರಿಂದ. ಮುಂಭಾಗಕ್ಕೇ ಲೇಪ ಇರೋ ಕನ್ನಡಿ ಬೇಕು, ಹಳೇ ಫೋಟೋಕಾಪಿ ಮೆಶಿನ್ ರಿಪೇರಿ ಮಾಡೋರ ಹತ್ರ ಗುಜರೀಲಿ ಬಿದ್ದಿರ್ತದೆ, ಸ್ಕ್ಯಾನ್ ಮಾಡೋ ಭಾಗದಲ್ಲಿ ಉದ್ದ ಪಟ್ಟಿ ಕನ್ನಡಿ ಇರ್ತದೆ. ಸ್ವಲ್ಪ ಸಣ್ಣದಿದ್ರೆ ಚಿತ್ರದ ಅಂಚು ಬಿಟ್ಟುಕೊಡಿ. ಬಟ್ಟೇಲಿ ಒರೆಸ್ಬೇಡಿ, ಲೇಪ ಎದ್ದು ಬರ್ತದೆ, ಧೂಳಿದ್ರೆ ಬ್ಲೋವರಲ್ಲಿ ಊದಿ.

ಕನ್ನಡಿ ಎಡ-ಬಲ ತಿರುಗಿಸ್ತದಲ್ಲ, ಅದ್ಕೆ ಫಿಲ್ಮನ್ನ ಮಗುಚಿ ಹಾಕ್ಬೇಕು, ಎಮಲ್ಶನ್ (ಚಿತ್ರ ಮೂಡೋ ಲೇಪ) ಬದಿ ಕನ್ನಡಿ ಕಡೆಗೆ. ಸ್ಲೈಡಿನ ಲಾಭ ಇದೇ ನೋಡಿ, ಕಾಗದದ ಪ್ರಿಂಟನ್ನ ಹೀಗೆ ಮಗುಚೋಕೆ ಆಗಲ್ಲ. ಎಡದ್ದು ಎಡಕ್ಕೇ ಬಲದ್ದು ಬಲಕ್ಕೇ ಇರ್ಲಿ, ಅದಲು ಬದಲಾದ್ರೆ ಹಿಂದಿನ ಮರ ಮುಂದೆ ಬಂದು ಮುಂದಿನ ಮರ ಗುಂಡಿ ಬೀಳ್ತದೆ. ಹೋಲ್ಡರಿನ (ಕ್ಯಾಮೆರಾಕ್ಕೆ ಶೀಟ್ ಹಾಕೋ ಚೌಕಟ್ಟು) ಅಂಚಿನ ಪಟ್ಟಿಗೆ ಅರದಲ್ಲಿ ಒಂದು ಸಣ್ಣ ಕಚ್ಚು ಹಾಕಿ, ಎಡದ್ದಕ್ಕೆ ಒಂದು ಬಲದ್ದಕ್ಕೆ ಎರಡು, ಅದು ಫಿಲ್ಮಿನ ಅಂಚಲ್ಲಿ ಬೆಳಕಿನ ಗುರುತಾಗಿ ಬೀಳ್ತದೆ, ಆಮೇಲೆ ಗೊಂದಲ ಇಲ್ಲ.

ಫಿಲ್ಮನ್ನ ಹಿಂದೆ ಮುಂದೆ ಸರಿಸೋಕೆ ಜಾರೋ ಸಂದು ಬಿಡಿ. ಎಲ್ಲಕ್ಕಿಂತ ದೂರದ ವಸ್ತು ನೋಡುವಾಗ ಎರಡೂ ಕಣ್ಣು ನೇರ ಇರೋ ಹಾಗೆ ಹೊಂದಿಸ್ಬೇಕು, ಉಳಿದಿದ್ದೆಲ್ಲ ತಾನಾಗಿ ಒಳಕ್ಕೆ ಬರ್ತದೆ. ಎತ್ತರ ಸರಿಮಾಡೋಕೆ ಒಂದು ಫಿಲ್ಮಿನ ಅಡಿಗೆ ಕಾಗದದ ಪಟ್ಟಿ ಸಾಕು. ಅಂಚಿಗೆ ಕಪ್ಪು ರಟ್ಟಿನ ಚೌಕಟ್ಟು ಹಾಕಿ, ಅದು ಕಿಟಕಿ ಆಗ್ತದೆ, ತೋಟ ಕಿಟಕಿಯಿಂದಾಚೆ ನಿಲ್ಬೇಕು. ಕಿಟಕಿ ಅಂಚು ಕತ್ತರಿಸಿದ ಮರ ಕಿಟಕಿಗಿಂತ ಈಚೆ ಬಂದ್ರೆ ನೋಡೋಕೆ ಕಿರಿಕಿರಿ.

ಬೆಳಕಿಗೆ ಎರಡು ಎಲ್‌ಇಡಿ ಪ್ಯಾನೆಲ್, ಎರಡೂ ಒಂದೇ ಸಲ ಒಂದೇ ಕಡೆ ಕೊಂಡಿದ್ದಾಗಿರ್ಲಿ, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣ್ತದೆ ಅನ್ನೋ ಅಳತೆ, ಪೂರ್ತಿ ಅಂದ್ರೆ 100) 95ರ ಮೇಲೆ ಇರ್ಲಿ. ಕಡಿಮೆ ಬೆಲೆಯ ಟ್ರೇಸಿಂಗ್ ಪ್ಯಾಡಲ್ಲಿ ಹಸಿರು ಬಣ್ಣ ಸತ್ತುಹೋಗ್ತದೆ, ತೋಟದ ಚಿತ್ರಕ್ಕೆ ಹಸಿರೇ ಹೋದ್ರೆ ಇನ್ನೇನು ಉಳೀತು. ಪವರ್ ಬ್ಯಾಂಕಲ್ಲಿ ನಡೆಯೋ ಥರ ಮಾಡ್ಕೊಳ್ಳಿ, ಮಳೆಗಾಲದಲ್ಲಿ ಕರೆಂಟ್ ಕಥೆ ನಿಮಗೂ ಗೊತ್ತಲ್ಲ.


ತೋಟದಂಚು (ಶಿರಸಿ)

ನಿಮಗೆಲ್ಲ ಹೇಗೆ ಧನ್ಯವಾದ ಹೇಳ್ಬೇಕೋ ತಿಳೀತಾ ಇಲ್ಲ. ಇಷ್ಟು ದಿನ ಹುಡುಕಿದ್ರೂ ಕನ್ನಡದಲ್ಲಿ ಇದನ್ನ ಯಾರೂ ಹೀಗೆ ಬಿಡಿಸಿ ಹೇಳಿದ್ದು ಸಿಕ್ಕಿರ್ಲಿಲ್ಲ. ಪೆಟ್ಟಿಗೆ ಕೆಲಸ ನಮ್ಮೂರಿನ ಆಚಾರ್ರ ಹತ್ರ ಮಾತಾಡಿದೀನಿ. ಎರಡು ಸಂಶಯ. ತೋಟದ ಒಳಗೆ ಬೆಳಕು ಬಹಳ ಕಡಿಮೆ, ಎರಡು ಮೀಟರಿಂದ ಹದಿನೈದು ಮೀಟರ್ ತನಕ ಎಲ್ಲ ಚೂಪಾಗಿ ಬರ್ಬೇಕು ಅಂದ್ರೆ ಲೆನ್ಸಿನ ತೂತು ಎಷ್ಟಕ್ಕೆ ಮುಚ್ಚಬೇಕು? ನನ್ನ ಹತ್ರ ವೆಲ್ವಿಯಾ 50 ನಾಲ್ಕು, ಪ್ರೊವಿಯಾ 100ಎಫ್ ನಾಲ್ಕು ಶೀಟ್ ಇದೆ, ಎರಡೂ ಫ್ಯೂಜಿ ಕಂಪ್ನಿಯ ಸ್ಲೈಡ್ ಫಿಲ್ಮ್. ಇನ್ನೊಂದು, ಲ್ಯಾಬಿಗೆ ಕಳ್ಸಿದ್ದ ಮೊದಲ ಜೋಡೀಲಿ ಒಂದು ಸ್ಲೈಡ್ ಸ್ವಲ್ಪ ಕೆಂಪು, ಒಂದು ಸ್ವಲ್ಪ ನೀಲಿ ಬಂದಿತ್ತು, ಎರಡು ಬೇರೆ ಬೇರೆ ದಿನ ತೊಳೆದಿದ್ದಂತೆ. ಇದಕ್ಕೇನು ಮಾಡೋದು?


ಕಾಳಿಸಂಗಮ (ಕಾರವಾರ)

ಎಫ್ 45 (ಈ ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು). ಮೂರೂವರೆ ಮೀಟರಿಗೆ ಫೋಕಸ್ ಮಾಡಿ, ಎರಡರಿಂದ ಹದಿನೈದು ಹೆಚ್ಚುಕಡಿಮೆ ಒಳಗೆ ಬರ್ತದೆ. 64ಕ್ಕೆ ಹೋದ್ರೆ ಡಿಫ್ರ್ಯಾಕ್ಷನ್‌ನಿಂದ (ಸಣ್ಣ ತೂತಲ್ಲಿ ಬೆಳಕು ಹರಡೋದು) ಇಡೀ ಚಿತ್ರ ಸ್ವಲ್ಪ ಮೆತ್ತಗಾಗ್ತದೆ, ಆದ್ರೂ ಮುಂದಿನ ಮರ ಮಂಜಾಗೋದಕ್ಕಿಂತ ಅದೇ ಮೇಲು. ಒಂಟಿ ಚಿತ್ರದಲ್ಲಿ ಹಿನ್ನೆಲೆ ಮಸುಕಾಗಿದ್ರೆ ಚಂದ, ಜೋಡಿ ಚಿತ್ರದಲ್ಲಿ ಕಣ್ಣು ಹಿಂದಕ್ಕೆ ಹೋಗಿ ನೋಡ್ಬೇಕು ಅಂತ ಬಯಸ್ತದೆ, ಅಲ್ಲಿ ಮಸುಕಿದ್ರೆ ತಡವರಿಸ್ತದೆ. ಲೆನ್ಸ್ ಟಿಲ್ಟ್ ಮಾಡ್ಬಹುದು (ಮುಂದಕ್ಕೆ ಬಾಗಿಸ್ಬಹುದು) ಆದ್ರೆ ನಿಂತ ಮರಗಳಿಗೆ ಅದರಿಂದ ಲಾಭ ಕಡಿಮೆ, ಗದ್ದೆ ಬಯಲಿಗಾದ್ರೆ ಸರಿ. ಮಾಡೋದಾದ್ರೆ ಎರಡೂ ಶೀಟಿಗೆ ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ ಇರ್ಬೇಕು.

ಫಿಲ್ಮ್ ಪ್ರೊವಿಯಾನೇ ಹಾಕಿ. 128 ಸೆಕೆಂಡ್ ತನಕ ಯಾವ ತಿದ್ದುಪಡಿನೂ ಬೇಡ. ವೆಲ್ವಿಯಾ 50 ನಾಲ್ಕು ಸೆಕೆಂಡಿಗೇ ಮೂರನೇ ಒಂದು ಸ್ಟಾಪ್ ಹೆಚ್ಚು ಕೇಳ್ತದೆ, ಬಣ್ಣನೂ ಹಸಿರಿಗೆ ವಾಲ್ತದೆ, 64 ಸೆಕೆಂಡಿಂದ ಮೇಲಕ್ಕೆ ಬೇಡ್ವೇ ಬೇಡ ಅಂತ ಫ್ಯೂಜಿಯವ್ರೇ ಹೇಳಿದಾರೆ. ನಾಲ್ಕೆಂಟು ಸೆಕೆಂಡ್ ಎಕ್ಸ್‌ಪೋಜರ್ ಬರೋದ್ರಿಂದ ಶಟರ್ ಹಳೇದಾದ್ರೂ ಚಿಂತಿಲ್ಲ, ಟಿ ಗುರುತಿಗೆ ಇಟ್ಟು (ಒಮ್ಮೆ ಒತ್ತಿದ್ರೆ ತೆರೀತದೆ, ಮತ್ತೆ ಒತ್ತಿದ್ರೆ ಮುಚ್ತದೆ) ಗಡಿಯಾರ ನೋಡಿ ಎಣಿಸಿ, ಎರಡೂ ಒಂದೇ ಅಳತೆ. ವೆಲ್ವಿಯಾ ಯಾಣಕ್ಕೆ ಇಟ್ಕೊಳ್ಳಿ. ಭೈರವೇಶ್ವರ ಶಿಖರ 120 ಮೀಟರ್ ಎತ್ತರ, 60 ಮೀಟರ್ ದೂರ ನಿಂತು ಎರಡು ಮೀಟರ್ ಸರಿಸಿದ್ರೆ ಬಂಡೆ ಮೈಯ ಕೊರಕಲು ಎಲ್ಲ ಕೆತ್ತಿದ ಹಾಗೆ ಎದ್ದು ಬರ್ತದೆ. ಜಾಸ್ತಿ ಸರಿಸಿದ್ರೆ ಮಾತ್ರ ಬೆಟ್ಟ ಆಟಿಕೆ ಆಗ್ತದೆ, ದೇವರ ಜಾಗನ ಆಟಿಕೆ ಮಾಡೋಕೆ ನಂಗೆ ಮನಸ್ಸು ಬರ್ಲಿಲ್ಲ, ಒಂದೂವರೆ ಮೀಟರಿಗೇ ನಿಲ್ಲಿಸಿದ್ದೆ.


ಬಚ್ಚಲೊಲೆ (ಸಿದ್ದಾಪುರ)

ಬಣ್ಣದ ವ್ಯತ್ಯಾಸಕ್ಕೆ ಮದ್ದು ಒಂದೇ, ಜೋಡಿ ಯಾವತ್ತೂ ಒಂದೇ ಟ್ಯಾಂಕಲ್ಲಿ ಒಟ್ಟಿಗೇ ತೊಳೀಬೇಕು. ನಾನು ಇ-6 (ಸ್ಲೈಡ್ ಫಿಲ್ಮ್ ತೊಳೆಯೋ ಪದ್ಧತಿ) ಮನೇಲೇ ಮಾಡ್ತೀನಿ, ಮೂರು ದ್ರಾವಣದ ಕಿಟ್ಟು. ಮೊದಲ ದ್ರಾವಣ, ಫಸ್ಟ್ ಡೆವಲಪರ್, 38 ಡಿಗ್ರೀಲಿ ಇರ್ಬೇಕು, ಅರ್ಧ ಡಿಗ್ರಿ ಆಚೀಚೆ ಆದ್ರೂ ಚಿತ್ರ ತಿಳಿ ಅಥವಾ ಗಾಢ ಆಗಿಬಿಡ್ತದೆ, ಉಳಿದ ಎರಡಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. ನಮ್ಮಲ್ಲಿ ಬಚ್ಚಲ ಹಂಡೇಲಿ ಬಿಸಿನೀರಿಗೆ ಬರ ಇಲ್ಲ. ದೊಡ್ಡ ಪ್ಲಾಸ್ಟಿಕ್ ಟಬ್ಬಲ್ಲಿ 39ರ ನೀರು, ಅದರೊಳಗೆ ಬಾಟ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಟ್ರೆ ಒಳಗೆ 38ಕ್ಕೆ ಬಂದು ನಿಲ್ತದೆ, ಥರ್ಮಾಮೀಟರ್ ಒಳ್ಳೇದು ಬೇಕು. ತೋಟದಂಚು, ನಮ್ಮ ಮನೆ ನಿಮಗೆ ಒಂದು ಗಂಟೆ ದಾರಿ, ತಗೊಂಡು ಬನ್ನಿ, ಸೇರಿ ತೊಳೆಯೋಣ.

ಇನ್ನೊಂದು ಯಾರೂ ಹೇಳ್ಲಿಲ್ಲ, ಬೂಸ್ಟು. ಫಿಲ್ಮಿನ ಮೇಲಿರೋದು ಜೆಲಟಿನ್, ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿಗೇ ಬೂಸ್ಟು ಬರ್ತದೆ, ಇದನ್ನ ಬಿಡ್ತದಾ? ಎರಡು ಗಾಜಿನ ನಡುವೆ ಒತ್ತಿ ಇಡೋದು ನೋಡೋಕೆ ಚಂದ ಆದ್ರೆ ಒಳಗೆ ಹಸಿ ಸಿಕ್ಕಿಕೊಂಡ್ರೆ ಮುಗೀತು. ನಾನು ತೆಳು ಪಾಲಿಯೆಸ್ಟರ್ ಹಾಳೇಲಿ ಹಾಕಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಇಡ್ತೀನಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ನೀಲಿದ್ರಲ್ಲಿ ಕೋಬಾಲ್ಟ್ ಇರ್ತದೆ, ಮನೇಲಿ ಮಕ್ಕಳಿದ್ದಾರೆ. ಬಣ್ಣ ಬದಲಾದ ಕೂಡ್ಲೆ ಅಡುಗೆಗೆ ಬಳಸದ ಹಳೇ ಬಾಣಲೇಲಿ ಸಣ್ಣ ಉರೀಲಿ ಕೈಯಾಡಿಸಿ ಮತ್ತೆ ಬಣ್ಣ ಬರೋ ತನಕ ಬಿಸಿ ಮಾಡಿ, ಆರಿದ ಮೇಲೆ ವಾಪಸ್ ಹಾಕಿ. ಜೂನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ.


ತೋಟದಂಚು (ಶಿರಸಿ)

ಎರಡು ತಿಂಗಳಾದ್ಮೇಲೆ ಬರೀತಿದೀನಿ, ತಡ ಆಯ್ತು, ಅಡಿಕೆ ಕೊನೆಕೊಯ್ಲು ಶುರುವಾಗೋದ್ರೊಳಗೆ ಮುಗಿಸ್ಬೇಕು ಅಂತ ಓಡಾಟ.

ಮಳೆ ಬಿಟ್ಟ ಒಂದು ಬೆಳಿಗ್ಗೆ, ಮೋಡ ಇತ್ತು, ಆರೂ ಮುಕ್ಕಾಲಿಗೆ ಇಳಿದೆ. ಟ್ರ್ಯಾಕ್ ಮೇಲೆ 70 ಮಿಮೀ, ಎಫ್ 45, ಎಂಟು ಸೆಕೆಂಡ್, ಪ್ರೊವಿಯಾ. ಎಡ ಮೊದ್ಲು, ಬಲ ಆಮೇಲೆ, ನಡುವೆ ಹೋಲ್ಡರ್ ಬದಲಿಸೋಕೆ ಐವತ್ತು ಸೆಕೆಂಡ್. ಆ ಐವತ್ತು ಸೆಕೆಂಡ್ ಒಂದು ಎಲೆನೂ ಅಲ್ಲಾಡ್ಲಿಲ್ಲ, ಕಾಲಿಗೆ ಉಂಬಳ ಹತ್ತಿದ್ದು ಗೊತ್ತಾದ್ರೂ ಕೈ ಬಿಟ್ಟು ತೆಗೆಯೋಕೆ ಹೋಗ್ಲಿಲ್ಲ. ಅಂಥ ಎರಡು ಜೋಡಿ. ಸಿದ್ದಾಪುರಕ್ಕೆ ಹೋಗಿ ಬಚ್ಚಲೊಲೆ ಅವ್ರ ಮನೇಲೇ ನಾಲ್ಕೂ ಶೀಟ್ ಒಟ್ಟಿಗೆ ತೊಳೆದ್ವಿ, ಬಣ್ಣ ಒಂದಕ್ಕೊಂದು ತೂಗಿದ ಹಾಗೆ ಬಂದಿದೆ. ಅವ್ರ ಮನೆಯವ್ರು ಊಟ ಹಾಕಿ ಕಳ್ಸಿದ್ರು, ಅದನ್ನ ಮರೆಯೋ ಹಾಗಿಲ್ಲ.

ಪೆಟ್ಟಿಗೆ ಪ್ಲೈವುಡ್ದು, ಲೆನ್ಸು +6.75ರ ಕನ್ನಡಕದ ಗಾಜು. ಮೊದಲ ಸಲ ಇಣುಕಿದಾಗ ಸೇರ್ಲಿಲ್ಲ, ಎದೆ ಧಸಕ್ ಅಂತು. ಆಮೇಲೆ ನೋಡಿದ್ರೆ ಎಡ ಫಿಲ್ಮು ಎರಡು ಮಿಮೀ ಕೆಳಗಿತ್ತು. ಅಘನಾಶಿನಿ ಅವ್ರು ಹೇಳಿದ ಹಾಗೆ ಕ್ಯಾಲೆಂಡರ್ ಕಾಗದ ಮಡಚಿ ಅಡಿಗೆ ಕೊಟ್ಟೆ, ಕೊಟ್ಟ ಕೂಡ್ಲೆ ಎರಡು ಮರ ಒಂದಾಗಿ ಹಿಂದಕ್ಕೆ ಸರೀತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೊಂದು. ನಾನು ಎಷ್ಟು ಹೊತ್ತು ನೋಡ್ತಾ ಕೂತಿದ್ದೆ ಅಂತ ಆಯಿ ಬಂದು ಕರೆದಾಗ್ಲೇ ಗೊತ್ತಾಗಿದ್ದು.

ಅಪ್ಪಯ್ಯಂದು ಕಣ್ಣಿನ ಅಂತರ 61, ಅವ್ರ ಕನ್ನಡಕದ ಚೀಟೀಲಿ ಇತ್ತು, ಲೆನ್ಸ್ ಅಷ್ಟಕ್ಕೆ ಹತ್ತಿರ ತಂದೆ. ದೂರದ ಕನ್ನಡಕ ಹಾಕ್ಕೊಂಡೇ ನೋಡ್ಬೇಕು ಅಂದೆ. ಜಗಲೀಲಿ ಕೂರಿಸಿ ಲೈಟ್ ಹಾಕಿದೆ. ಏನೂ ಮಾತಾಡ್ಲಿಲ್ಲ. ತಲೆ ಸ್ವಲ್ಪ ಎಡಕ್ಕೆ ತಂದ್ರು, ಬಲಕ್ಕೆ ತಂದ್ರು. ಒಂದೈದು ನಿಮಿಷ ಆದ್ಮೇಲೆ, ಕಣ್ಣು ತೆಗೀದೆನೇ, "ಮೂರನೇ ಸಾಲಿನ ಆ ಬಾಗಿದ ಮರದ ಬುಡಕ್ಕೆ ಈ ಸಲ ಮಣ್ಣು ಹಾಕ್ಸಿಲ್ಲ ನೀನು, ಬೇರು ಹೊರಗೆ ಬಿದ್ದಿದೆ" ಅಂದ್ರು.

ಇಳಿದು ಹೋಗಿ ನೋಡಿದೆ. ಬೇರು ನಾಲ್ಕು ಬೆರಳು ಹೊರಗೇ ಇತ್ತು. ಅದೇ ದಾರೀಲಿ ದಿನಾ ಓಡಾಡ್ತೀನಿ, ಮೊಬೈಲಲ್ಲಿ ಅದೇ ಮರದ ಫೋಟೋ ಮೂರು ಇದೆ, ತರಗೆಲೆ ಬಣ್ಣದಲ್ಲಿ ಬೇರು ಸೇರ್ಕೊಂಡು ಕಂಡಿರ್ಲಿಲ್ಲ. ನಿನ್ನೆ ಮಣ್ಣು ಹಾಕ್ಸಿದೆ.

ಮುಂದಿನ ಜೋಡಿ ಎಲ್ಲಿ ತೆಗೀಬೇಕು ಅಂತ ಅವ್ರೇ ಹೇಳಿದಾರೆ, ಕೆಳಗಿನ ಬಸಿಗಾಲುವೆ ಹತ್ರ, ಹಳೇ ಹಲಸಿನ ಮರದ ಬುಡದಿಂದ ನೀರು ಬರೋ ದಿಕ್ಕಿಗೆ. ಅಲ್ಲಿ ನೀರು ಸಣ್ಣಗೆ ಹರೀತಾ ಇರ್ತದೆ, ಹತ್ತಿರದ ಕಲ್ಲು ಒಂದೂವರೆ ಮೀಟರ್, ಹಿಂದಿನ ಅಗಳ ನಾಲ್ಕು ಮೀಟರ್. ಕಾಳಿಸಂಗಮ ಅವ್ರೇ, ಹಿನ್ನೆಲೆ ಇಷ್ಟು ಹತ್ತಿರ ಇರೋದ್ರಿಂದ 80 ಮಿಮೀ ಸರಿಸ್ಬಹುದು ಅಂತ ನನ್ನ ಲೆಕ್ಕ ಬಂತು, ಸರಿ ಇದ್ಯಾ ಒಂದ್ಸಲ ನೋಡಿ ಹೇಳಿ.


ಕಾಳಿಸಂಗಮ (ಕಾರವಾರ)

ಲೆಕ್ಕ ಸರಿ ಇದೆ, 80 ಹಾಕಿ. ನೀರಿಗೆ ಎಂಟು ಸೆಕೆಂಡಿಗಿಂತ ಕಡಿಮೆ ಮಾಡ್ಬೇಡಿ. ಅಪ್ಪಯ್ಯನವರಿಗೆ ಕಾರವಾರದಿಂದ ನನ್ನ ನಮಸ್ಕಾರ ತಿಳಿಸಿ.